ಅಗ್ಗದ ಪೆಟ್ರೋಲ್ ಹುಡುಕುವ ಆ್ಯಪ್‌ಗಳು: ಮಂಗಳೂರು-ಉಡುಪಿಯಲ್ಲಿ ಬಳಸಿ ನೋಡಿದಾಗ

ಅಮೆರಿಕದಲ್ಲಿ ಗ್ಯಾಸ್‌ಬಡ್ಡಿ ಎಂಬ ಆ್ಯಪ್ ಉಂಟು. ಅಲ್ಲಿ ಎದುರುಬದುರು ಇರುವ ಎರಡು ಬಂಕ್‌ಗಳ ದರವೂ ಬೇರೆ ಇರಬಹುದಾದ್ದರಿಂದ ಜನರೇ ದರ ನೋಡಿ ಅದಕ್ಕೆ ಹಾಕುತ್ತಾರೆ, ಉಳಿದವರು ಅಗ್ಗದ ಕಡೆ ಗಾಡಿ ತಿರುಗಿಸುತ್ತಾರೆ. ನಮ್ಮಲ್ಲಿ ಕತೆ ಬೇರೆ. 2017ರ ಜೂನ್ 16ರಿಂದ ದಿನದ ದರ ಬೆಳಿಗ್ಗೆ ಆರಕ್ಕೆ ತೈಲ ಕಂಪನಿಯಿಂದಲೇ ಬರುತ್ತದೆ; ಇಂಡಿಯನ್ ಆಯಿಲ್, ಭಾರತ್, ಎಚ್‌ಪಿ ಬಂಕಿನ ಮಾಲಕರು ಅದನ್ನು ತಮ್ಮಿಷ್ಟಕ್ಕೆ ಇಳಿಸುವಂತಿಲ್ಲ. ಹಾಗಿದ್ದೂ ಇಲ್ಲಿ ಆ್ಯಪ್‌ಗಳಿಂದ ಏನಾದರೂ ಉಳಿಯುತ್ತದೆಯೇ ಎಂದು ಮಂಗಳೂರು-ಉಡುಪಿ ಓಡಾಟದಲ್ಲಿ ಕೆಲವನ್ನು ಬಳಸಿ ನೋಡಿದೆ.

ಮೊದಲು, ದಿನದ ದರ ಹಾಕುವ ಜಾಲತಾಣಗಳು. ಇವು ಜಿಲ್ಲೆಗೊಂದೇ ದರ ಹೇಳುತ್ತವೆ. ಪಣಂಬೂರಿನ ಆಸುಪಾಸಿನ ಡಿಪೋದಿಂದ ಟ್ಯಾಂಕರ್ ಹೋಗುವ ದೂರಕ್ಕೆ ತಕ್ಕಂತೆ ಸಾಗಾಟದ ಖರ್ಚು ಸೇರುವುದರಿಂದ ಕುಳೂರಿನ ಬಂಕಿಗೂ ಸುಳ್ಯದ ಬಂಕಿಗೂ ಪೈಸೆಗಳ ಅಂತರ ಇರುತ್ತದೆ. ಅದು ಈ ಪಟ್ಟಿಯಲ್ಲಿ ಕಾಣುವುದಿಲ್ಲ.

ಇದಕ್ಕಿಂತ ಹಳೆಯ ಎಸ್ಸೆಮ್ಮೆಸ್ಸೇ ವಾಸಿ. ಬಂಕಿನಲ್ಲಿ ಬರೆದಿರುವ ಡೀಲರ್ ಕೋಡ್ ನೋಡಿಕೊಂಡು, ಇಂಗ್ಲಿಷಿನಲ್ಲಿ ಆರ್‌ಎಸ್‌ಪಿ ಎಂದು ಬರೆದು, ಜಾಗ ಬಿಟ್ಟು ಕೋಡ್ ಹಾಕಿ 9224992249ಕ್ಕೆ ಕಳಿಸಿದರೆ ಇಂಡಿಯನ್ ಆಯಿಲ್‌ನ ಆ ಬಂಕಿನದೇ ದರ ಬರುತ್ತದೆ. ಆದರೆ ಕೋಡ್ ಗೊತ್ತಾಗಬೇಕಾದರೆ ಬಂಕಿಗೇ ಹೋಗಬೇಕು. ಅಲ್ಲಿ ದರದ ಬೋರ್ಡೇ ಕಣ್ಣೆದುರು ಇರುತ್ತದೆ! ಕಂಪನಿಗಳ ಸ್ವಂತ ಆ್ಯಪ್‌ಗಳಲ್ಲಿ ಈ ತಾಪತ್ರಯ ಇಲ್ಲ. ಇಂಡಿಯನ್ ಆಯಿಲ್ ಒನ್, ಹಲೋ ಬಿಪಿಸಿಎಲ್, ಎಚ್‌ಪಿ ಪೇ ಮೂರರಲ್ಲೂ ಹತ್ತಿರದ ಬಂಕ್ ಹುಡುಕಬಹುದು. ಒಂದೊಂದರಲ್ಲೂ ಅವರವರ ಬಂಕುಗಳು ಮಾತ್ರ, ಅಷ್ಟೇ ಕಿರಿಕಿರಿ.

ಇನ್ನು ಹುಡುಕಿದ್ದರಿಂದ ಬರುವ ಲಾಭದ ಲೆಕ್ಕ. ಲೀಟರಿಗೆ ಮೂವತ್ತು ಪೈಸೆ ಕಮ್ಮಿ ಸಿಕ್ಕಿತೆನ್ನಿ. ಮೂವತ್ತೈದು ಲೀಟರಿಗೆ ಹತ್ತೂವರೆ ರೂಪಾಯಿ. ಅದಕ್ಕಾಗಿ ಪಂಪ್‌ವೆಲ್‌ನಿಂದ ಐದು ಕಿಲೋಮೀಟರ್ ಸುತ್ತಿದರೆ, ಹದಿನೈದರ ಮೈಲೇಜಿನ ಕಾರು ಮೂವತ್ತು ರೂಪಾಯಿಗಿಂತ ಹೆಚ್ಚಿನ ಪೆಟ್ರೋಲ್ ಕುಡಿದಿರುತ್ತದೆ. ಊರೊಳಗೆ ಬಂಕ್ ಬೇಟೆ ಸುಮ್ಮನೆ. ಖಾಸಗಿ ಬಂಕುಗಳು ಮಾತ್ರ ಇದಕ್ಕೆ ಹೊರತು. 2023ರಲ್ಲಿ ನಯಾರಾ ಕೆಲವು ರಾಜ್ಯಗಳಲ್ಲಿ ಸರಕಾರಿ ಕಂಪನಿಗಳಿಗಿಂತ ಒಂದು ರೂಪಾಯಿ ಕಮ್ಮಿಗೆ ಮಾರಿತ್ತು. ದಾರಿಯಲ್ಲಿ ಅಂಥ ಬಂಕ್ ಸಿಕ್ಕರೆ ಬೋರ್ಡಿನ ಮೇಲೆ ಕಣ್ಣು ಹಾಯಿಸುವುದು ಒಳ್ಳೆಯದು.

ಇದೇ ಆ್ಯಪ್‌ಗಳು ರಾಜ್ಯದ ಗಡಿ ದಾಟುವಾಗ ನಿಜಕ್ಕೂ ಕೆಲಸಕ್ಕೆ ಬಂದವು. ಪೆಟ್ರೋಲ್ ಜಿಎಸ್‌ಟಿಯೊಳಗೆ ಬಂದಿಲ್ಲ, ಆದ್ದರಿಂದ ಒಂದೊಂದು ರಾಜ್ಯದ ತೆರಿಗೆ ಒಂದೊಂದು ರೀತಿ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿ, ಲೀಟರಿಗೆ ಮೂರು ರೂಪಾಯಿ ಹೆಚ್ಚಾದಾಗ ನಾವೆಲ್ಲ ಗೊಣಗಿದೆವು. ಅಷ್ಟಾದ ಮೇಲೂ ಕೇರಳದ ದರವೇ ಮೇಲೆ ಇತ್ತು, ಅಲ್ಲಿ 2023ರ ಏಪ್ರಿಲ್‌ನಿಂದ ಲೀಟರಿಗೆ ಎರಡು ರೂಪಾಯಿ ಸೆಸ್ ಬೇರೆ. ಕಾಸರಗೋಡಿನ ಕಡೆ ಹೋಗುವವರು ತಲಪಾಡಿ ದಾಟುವ ಮೊದಲೇ ಟ್ಯಾಂಕ್ ತುಂಬಿಸುವುದಕ್ಕೆ ಆ್ಯಪ್ ಬೇಕಿಲ್ಲ, ಮಂಗಳೂರಿನ ಟ್ಯಾಕ್ಸಿಯವರನ್ನು ಕೇಳಿದರೆ ಸಾಕು. ಆದರೆ ಗುರುವಾಯೂರಿಗೆ ಹೊರಟವರಿಗೆ ನಡುವೆ ಮಾಹೆ ಸಿಗುತ್ತದೆ. ಪುದುಚೇರಿಗೆ ಸೇರಿದ ಈ ಚೂರು ನೆಲದಲ್ಲಿ ತೆರಿಗೆ ಕಮ್ಮಿ, ಪೆಟ್ರೋಲ್ ಸುತ್ತಲಿನ ಕೇರಳಕ್ಕಿಂತ ಎಷ್ಟೋ ಅಗ್ಗ. 2024ರಲ್ಲಿ ತಲಶ್ಶೇರಿ-ಮಾಹೆ ಬೈಪಾಸ್ ಆದಮೇಲೆ ಮ್ಯಾಪ್ ನಿಮ್ಮನ್ನು ಪೇಟೆಯ ಹೊರಗಿನಿಂದಲೇ ದಾಟಿಸಿಬಿಡುತ್ತದೆ. ಹೊರಡುವಾಗಲೇ ಅಲ್ಲಿನ ಒಂದು ಬಂಕನ್ನು ನಿಲ್ಲುವ ಜಾಗವಾಗಿ ಹಾಕಿಕೊಂಡರೆ ತಪ್ಪಿಹೋಗದು. ಗೋವಾಕ್ಕೆ ಹೋಗುವುದಾದರೆ ಲೆಕ್ಕ ಉಲ್ಟಾ: ಕಾರವಾರ ದಾಟಿ ಗಡಿಯಾಚೆಯ ಪೊಳೆಂ ಮುಟ್ಟುವಷ್ಟೇ ಹಾಕಿಸಿ, ಅಲ್ಲಿ ತುಂಬಿಸಿಕೊಳ್ಳುವುದು. ಹೊರಡುವ ಹಿಂದಿನ ರಾತ್ರಿ ಎರಡೂ ಬದಿಯ ದರ ನೋಡಿಕೊಳ್ಳಲು ಕಂಪನಿ ಆ್ಯಪ್‌ಗಿಂತ ಒಳ್ಳೆಯದು ನನಗೆ ಸಿಗಲಿಲ್ಲ.

ಪೆಟ್ರೋಲ್ ಹಾಕಿಸಿದ್ದಕ್ಕೆ ಕಂಪನಿಗಳು ಕೊಡುವ ರಿವಾರ್ಡ್ ಪಾಯಿಂಟುಗಳ ವಿಷಯ ಚಿಕ್ಕದು. ಒಂದೇ ಕಂಪನಿಯ ಬಂಕಿಗೆ ಹೋಗುವ ಅಭ್ಯಾಸ ಇದ್ದವರಿಗೆ ಆಗಬಹುದು. ಕ್ರೆಡಿಟ್ ಕಾರ್ಡಿನಲ್ಲಿ ಪೆಟ್ರೋಲಿಗೆ ಶೇ. 1ರಷ್ಟು ಸರ್‌ಚಾರ್ಜ್ ಬೀಳುತ್ತದೆ; ಅದನ್ನು ಮಾಫಿ ಮಾಡುವ ಕಾರ್ಡಿಗೂ ಕನಿಷ್ಠ ಮೊತ್ತದ ಷರತ್ತು ಇರುತ್ತದೆ. ಇನ್ನೂರು, ಮುನ್ನೂರು ಎಂದು ಹಾಕಿಸುವವರು ಅದನ್ನು ಓದಿಕೊಳ್ಳಬೇಕು.

ಗೂಗಲ್ ಮ್ಯಾಪಿನಲ್ಲಿ ಇಂಧನ ಉಳಿಸುವ ದಾರಿ ತೋರಿಸುವ ಸೌಲಭ್ಯ ಉಂಟು, ಎಂಜಿನ್ ಯಾವುದೆಂದು ಹೇಳಿದರೆ ಎಲೆಯ ಗುರುತು ಹಾಕಿ ತೋರಿಸುತ್ತದೆ. ಉಡುಪಿಗೆ ಹೋಗಲು ಇರುವುದು ಒಂದೇ ಹೆದ್ದಾರಿ 66, ಅಲ್ಲಿ ಅದಕ್ಕೇನು ಕೆಲಸ? ಬೆಂಗಳೂರಿಗೆ ಹೊರಟಾಗ ಶಿರಾಡಿಯೋ ಚಾರ್ಮಾಡಿಯೋ ಎಂದು ತೂಗಿ ನೋಡಲು ಆದೀತು. ಮಳೆಗಾಲದಲ್ಲಿ ಮಾತ್ರ ಎಲೆ ನೋಡುವ ಬದಲು ಘಾಟಿಯಲ್ಲಿ ಗುಡ್ಡ ಜರಿದಿದೆಯೇ ಎಂದು ಕೇಳಿಕೊಂಡು ಹೊರಡಿ, ಮಾರಾಯ್ರೆ.

ನನ್ನ ಮಟ್ಟಿಗೆ ಹಣ ಉಳಿಸಿದ್ದು ದರವನ್ನೇ ಹುಡುಕದ ಆ್ಯಪ್, ಫ್ಯೂಲಿಯೋ. ಪ್ರತಿ ಸಲ ಹಾಕಿಸಿದ ಲೀಟರು, ಕೊಟ್ಟ ದುಡ್ಡು, ಮೀಟರಿನ ಕಿಲೋಮೀಟರು ಬರೆದಿಟ್ಟರೆ ಮೈಲೇಜನ್ನು ಅದೇ ಲೆಕ್ಕ ಹಾಕುತ್ತದೆ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ನಾಝಲ್ ತಾನೇ ಕಟ್ ಆದಲ್ಲಿಗೆ ನಿಲ್ಲಿಸಿ ಬರೆದರೆ ಲೆಕ್ಕ ಸರಿ ಬರುತ್ತದೆ. ಮೇಲೆ ಮತ್ತೆ ಒತ್ತಿ ಒತ್ತಿ ಹಾಕಿಸಿದರೆ ಗೊಂದಲ. ಹಂಪನಕಟ್ಟೆ-ಜ್ಯೋತಿ ಟ್ರಾಫಿಕ್ಕಿನಲ್ಲೇ ಓಡಿದ ಟ್ಯಾಂಕಿಗೂ ಪಡುಬಿದ್ರಿ-ಕಾಪು ರಸ್ತೆಯಲ್ಲಿ ಓಡಿದ ಟ್ಯಾಂಕಿಗೂ ಇರುವ ವ್ಯತ್ಯಾಸ ಗ್ರಾಫಿನಲ್ಲಿ ಎದ್ದು ಕಾಣುತ್ತದೆ. ಮೈಲೇಜ್ ಹದಿನೈದರಿಂದ ಹದಿನಾಲ್ಕಕ್ಕೆ ಇಳಿದರೆ ಲೀಟರಿಗೆ ಏಳು ರೂಪಾಯಿ ಹೆಚ್ಚು ಕೊಟ್ಟಂತೆ, ಯಾವ ಬಂಕೂ ಅಷ್ಟು ಕಮ್ಮಿ ಮಾಡುವುದಿಲ್ಲ. ಗ್ರಾಫ್ ಬಾಗಿದಾಗ ನಾನು ಮೊದಲು ನೋಡುವುದು ಟಯರು. ಬಂಕಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕೆಂದೇ ನಿಯಮ ಇದೆ. ಗಾಳಿಯ ಒತ್ತಡ ಎಷ್ಟು ಪಿಎಸ್‌ಐ ಬೇಕೆಂಬುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲೇ ಅಂಟಿಸಿರುತ್ತದೆ.