ವಿದ್ಯಾರ್ಥಿ ಸಹಾಯಕರ ಕೈಗೆ ಕೊಹಾ: ಬಳ್ಳಾರಿಯ ಕಾಲೇಜು ಗ್ರಂಥಾಲಯವೊಂದರ ಅನುಭವ

ಬಳ್ಳಾರಿಯ ಪದವಿ ಕಾಲೇಜೊಂದರ ಗ್ರಂಥಪಾಲಕನಾಗಿ ನಾನು ದಿನವೂ ಬಳಸುವ, ಗ್ರಂಥಾಲಯ ನಿರ್ವಹಣೆಯ ‘ಕೊಹಾ’ ತಂತ್ರಾಂಶವನ್ನು ಇಲ್ಲಿ ಒಂದೇ ದೃಷ್ಟಿಯಿಂದ ಪರಿಶೀಲಿಸಿದ್ದೇನೆ: ಕಲಿಕೆಯೊಂದಿಗೆ ಗಳಿಕೆ ಎಂದು ನಮ್ಮಲ್ಲಿ ದುಡಿಯುವ ವಿದ್ಯಾರ್ಥಿಗಳಿಗೆ ಕೆಲಸ ಹಂಚಲು ಅದು ಎಷ್ಟು ಅನುಕೂಲ? ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ರಲ್ಲಿ ಬಳಕೆಗೆ ಬಂದ ಈ ಮುಕ್ತ ತಂತ್ರಾಂಶದ ಹೆಸರಿಗೆ ಮಾವೋರಿ ಭಾಷೆಯಲ್ಲಿ ಕಾಣಿಕೆ ಎಂದರ್ಥ. ಪರವಾನಗಿ ಶುಲ್ಕವಿಲ್ಲದ್ದರಿಂದ ಕಡಿಮೆ ಅನುದಾನದ ಕಾಲೇಜುಗಳಿಗೆ ಅದು ಕಾಣಿಕೆಯೇ ಸರಿ.

ಮೊದಲು ನಾವೆಲ್ಲ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದೆವು. ಒಮ್ಮೆ ದಂಡದ ಬಾಕಿಯೊಂದು ಮನ್ನಾ ಆಗಿತ್ತು. ಯಾರು ಮಾಡಿದರೆಂದು ತಿಳಿಯದೆ, ಏನೂ ಅರಿಯದ ಹುಡುಗನೊಬ್ಬನನ್ನು ಎಲ್ಲರೆದುರು ವಿಚಾರಿಸಿದೆ. ಆ ನೋವು ನನ್ನಲ್ಲಿ ಇನ್ನೂ ಇದೆ. ಈಗ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆಯಿದೆ. ಕೌಂಟರಿನಲ್ಲಿ ಕೂರುವವರಿಗೆ ಪುಸ್ತಕ ಕೊಡುವ, ಮರಳಿ ಪಡೆಯುವ ಅನುಮತಿ ಮಾತ್ರ. ಮಿತಿ ಮೀರಿ ಪುಸ್ತಕ ಕೊಡುವುದು, ದಂಡ ಮನ್ನಾ ಮಾಡುವುದು ಬೇರೆ ಬೇರೆ ಅನುಮತಿಗಳಾಗಿರುವುದರಿಂದ ಅವನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಸೂಪರ್‌ಲೈಬ್ರೇರಿಯನ್ ಎಂಬ ಒಂದು ಗುರುತು ಹಾಕಿದರೆ ಎಲ್ಲ ಬಾಗಿಲೂ ತೆರೆದುಕೊಳ್ಳುತ್ತದೆ, ಆದ್ದರಿಂದ ಅವಸರದಲ್ಲೂ ಅದನ್ನು ಯಾರಿಗೂ ಕೊಡಬೇಡಿ. ದಾಖಲೆ ಇಡುವ ಆಯ್ಕೆಯನ್ನು ಚಾಲೂ ಮಾಡಿದ್ದರೆ ಯಾವ ಖಾತೆಯಿಂದ ಯಾವಾಗ ಏನಾಯಿತೆಂದು ಲಾಗ್ ಎಂಬ ದಾಖಲೆಪಟ್ಟಿಯಲ್ಲಿ ಕಾಣುತ್ತದೆ. ವಿದ್ಯಾರ್ಥಿಯ ಮೇಲೆ ಸುಳ್ಳು ಸಂಶಯ ಬೀಳದಂತೆ ಕಾಯುವುದೂ ಅದೇ.

ಪುಸ್ತಕ ಪರಿಶೀಲನೆಯ ಸೌಲಭ್ಯವಂತೂ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುವ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಸ್ಕ್ಯಾನರ್ ಹಿಡಿದು, ಡ್ಯೂಯಿ ವರ್ಗೀಕರಣದ 894.814 ಸಂಖ್ಯೆಯ ಕನ್ನಡ ಸಾಹಿತ್ಯದ ಕಪಾಟನ್ನು ಎಡದಿಂದ ಬಲಕ್ಕೆ ಒಂದೊಂದೇ ಬಾರ್‌ಕೋಡ್ ಓದಿಸುತ್ತ ಹೋದಳು. ಹಾಗೆ ಓದಿಸಿದ ಬಾರ್‌ಕೋಡ್‌ಗಳ ಕಡತವನ್ನು ಕೊಹಾಗೆ ಕೊಟ್ಟಾಗ, ಇರಬೇಕಾಗಿದ್ದು ಕಪಾಟಿನಲ್ಲಿ ಸಿಗದ ಪುಸ್ತಕಗಳ ಪಟ್ಟಿ ತೆರೆಯ ಮೇಲೆ ಬಂದಿತು. ಕಳೆದುಹೋಯಿತೆಂದು ನಾನು ಕೈಬಿಟ್ಟಿದ್ದ ಕಾದಂಬರಿಯೊಂದನ್ನು ಅವಳು ಅರ್ಥಶಾಸ್ತ್ರದ ಸಾಲಿನಿಂದ ತೆಗೆದು ತಂದು ಮೇಜಿನ ಮೇಲಿಟ್ಟಾಗ ಅವಳ ಮುಖ ನೋಡಬೇಕಿತ್ತು.

ಆದರೆ ಯಾರು ಯಾವ ಹೊತ್ತಿಗೆ ಬರಬೇಕು, ಎಷ್ಟು ಗಂಟೆ ದುಡಿದರು ಎಂಬ ಪಾಳಿಯ ಲೆಕ್ಕ ಕೊಹಾದಲ್ಲಿಲ್ಲ. ಅದಕ್ಕೆ ಹಾಜರಿ ಪುಸ್ತಕವನ್ನೇ ಇಟ್ಟಿದ್ದೇವೆ. ಪರೀಕ್ಷೆಯ ದಿನಗಳಲ್ಲಿ ಪಾಳಿ ಅದಲುಬದಲಾದಾಗ ಗೌರವಧನದ ಲೆಕ್ಕಕ್ಕೆ ಅದೇ ಆಧಾರ. ವಿದ್ಯಾರ್ಥಿಯ ಅವಧಿ ಮುಗಿದ ದಿನವೇ ಖಾತೆಯ ಅನುಮತಿಗಳನ್ನು ತೆಗೆಯುವುದನ್ನೂ ಆ ಪುಸ್ತಕದ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತೇನೆ.