ಒಂದೇ ಮುಖ, ಮೂರು ದಾರಿ: ಸ್ಕೈರಿಮ್‌ನಲ್ಲಿ ಸ್ಲೈಡರ್, ಸ್ಕಲ್ಪ್ಟ್, ಬ್ಲೆಂಡರ್

ಸ್ಕೈರಿಮ್ ಸ್ಪೆಷಲ್ ಎಡಿಷನ್ ಎಂಬ ವಿಡಿಯೋ ಗೇಮ್‌ನಲ್ಲಿ ಪಾತ್ರವೊಂದರ ಒಂದೇ ಮುಖವನ್ನು ಮೂರು ಸಲ ಮಾಡಿದೆ. ಮೊದಲು ಆಟದ ಜೊತೆಗೇ ಬರುವ ಸ್ಲೈಡರ್‌ಗಳಲ್ಲಿ, ಆಮೇಲೆ ರೇಸ್‌ಮೆನು ಮಾಡ್‌ನ (ಆಟಕ್ಕೆ ಅಭಿಮಾನಿಗಳು ಮಾಡಿದ ಸೇರ್ಪಡೆ) ಸ್ಕಲ್ಪ್ಟ್ ಬ್ರಷ್‌ಗಳಲ್ಲಿ, ಕೊನೆಗೆ ತಲೆಯ ಮೆಶ್ಶನ್ನು (ಚುಕ್ಕೆಗಳನ್ನು ಜೋಡಿಸಿ ಕಟ್ಟಿದ ಆಕಾರದ ಬಲೆ) ಹೊರತೆಗೆದು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ. ಯಾವುದು ಒಳ್ಳೆಯದು ಎಂದು ಕೇಳಿದವರಿಗೆಲ್ಲ ಇಷ್ಟು ದಿನ ಅಂದಾಜಿನ ಮೇಲೆ ಹೇಳುತ್ತಿದ್ದೆ. ಈ ಸಲ ಪಕ್ಕಪಕ್ಕ ನಿಲ್ಲಿಸಿ ನೋಡಿಯೇ ಹೇಳೋಣ ಅನ್ನಿಸಿತು.

ಮಾಡಿದ್ದು ನಲವತ್ತರ ಆಸುಪಾಸಿನ ರೆಡ್‌ಗಾರ್ಡ್ ಎಂಬ ಆಟದ ಜನಾಂಗದ ಬಿಲ್ಲುಗಾತಿಯನ್ನು. ಅಗಲವಾದ ಕೆನ್ನೆಮೂಳೆ, ಹೊರತುದಿಯಲ್ಲಿ ತುಸು ಇಳಿದ ಕಣ್ಣು, ಎಂದೋ ಮುರಿದು ಕೂಡಿಕೊಂಡ ಮೂಗು. ಮೂರು ಸಲವೂ ಚರ್ಮದ ಟೆಕ್ಸ್ಚರ್ (ಮೆಶ್ ಮೇಲೆ ಹೊದಿಸುವ ಚಿತ್ರ) ಅದೇ, ಕೂದಲೂ ಅದೇ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ, ಏಕೆಂದರೆ ಒಳ್ಳೆಯ ಸ್ಕಿನ್ ಮಾಡ್ ಹಾಕಿದ ಕೂಡಲೇ ಯಾವ ಮುಖವಾದರೂ ಅರ್ಧ ಸುಧಾರಿಸುತ್ತದೆ. ಈ ಆಟದಲ್ಲಿ ಆಟಗಾರನ ಪಾತ್ರ ಬಾಯಿಬಿಟ್ಟು ಮಾತಾಡುವುದಿಲ್ಲ. ತುಟಿಯ ಚಲನೆ ಪರೀಕ್ಷಿಸಬೇಕಾದರೆ ಅವಳನ್ನು ಫಾಲೋವರ್ (ಆಟಗಾರನ ಜೊತೆ ಬರುವ ಸಂಗಾತಿ) ಆಗಿಯೇ ಆಟಕ್ಕೆ ತರಬೇಕು. ಹಾಗಾಗಿ ಮೂವರನ್ನೂ ಕ್ರಿಯೇಷನ್ ಕಿಟ್ ಎಂಬ, ಆಟ ತಿದ್ದುವ ತಂತ್ರಾಂಶದ ಮೂಲಕ ತಂದು, ಹಗಲಲ್ಲಿ ರಿವರ್‌ವುಡ್ ಊರಿನ ಬೀದಿಯಲ್ಲಿ, ರಾತ್ರಿ ಅಲ್ಲಿನ ಸ್ಲೀಪಿಂಗ್ ಜೈಂಟ್ ಇನ್ ಎಂಬ ಛತ್ರದ ಬೆಂಕಿಯ ಪಕ್ಕದಲ್ಲಿ ನಿಲ್ಲಿಸಿ ನೋಡಿದೆ. ಮುಖ ತಿದ್ದುವ ಪರದೆಯಲ್ಲಿ ಎಲ್ಲರೂ ಚೆಂದವೇ. ಕಳೆ ಇದೆಯೋ ಇಲ್ಲವೋ ಗೊತ್ತಾಗುವುದು ಪಕ್ಕದಿಂದ ಬೆಳಕು ಬಿದ್ದಾಗ.

ಸ್ಲೈಡರ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದೇ ಸರಣಿಯ ಹಿಂದಿನ ಆಟವಾದ 2006ರ ಆಬ್ಲಿವಿಯನ್‌ನಲ್ಲಿ ಒಂದು ಸ್ಲೈಡರ್ ಎಳೆದರೆ ಬೇರೆ ನಾಲ್ಕು ತಾವಾಗಿಯೇ ಸರಿಯುತ್ತಿದ್ದವು. ಸ್ಕೈರಿಮ್‌ನಲ್ಲಿ ಆ ಗೋಳಿಲ್ಲ. ಸಿದ್ಧ ಮೂಗುಗಳಲ್ಲಿ ಒಂದನ್ನು ಆರಿಸಿ, ಎತ್ತರ, ಉದ್ದ ಹೊಂದಿಸಿ ಮುಂದೆ ಹೋಗಬಹುದು. ಅರ್ಧ ಗಂಟೆಯಲ್ಲಿ ಲಕ್ಷಣವಾದ ಮುಖವೊಂದು ಬಂತು. ಆದರೆ ಎಡ ಬಲ ಎರಡೂ ಕನ್ನಡಿ ಹಿಡಿದಂತೆ ಒಂದೇ, ಹಾಗಾಗಿ ಮುರಿದ ಮೂಗು ಇಲ್ಲಿ ಅಸಾಧ್ಯ. ಬದಲಿಗೆ ಒಂದು ದೊಡ್ಡ ಲಾಭವಿದೆ. ಏನೇ ಎಳೆದರೂ ಆಟದ ಲೆಕ್ಕದೊಳಗೇ ಇರುವುದರಿಂದ ರೆಪ್ಪೆ ಸರಿಯಾಗಿ ಮುಚ್ಚುತ್ತದೆ, ನಕ್ಕರೆ ನಗುವಂತೆಯೇ ಕಾಣುತ್ತದೆ. ಈ ಲಾಭದ ಬೆಲೆ ನನಗೆ ತಿಳಿದದ್ದು ಎರಡನೆಯ ಮುಖಕ್ಕೆ ಕೈಹಾಕಿದ ಮೇಲೆ.

ರೇಸ್‌ಮೆನು ನಡೆಯಲು ಎಸ್‌ಕೆಎಸ್‌ಇ ಎಂಬ ಪೂರಕ ತಂತ್ರಾಂಶ ಬೇಕು, ಅದೂ ನಿಮ್ಮ ಆಟದ ಆವೃತ್ತಿಗೆ ಹೊಂದುವಂಥದ್ದು. ಅಷ್ಟು ಮಾಡಿಕೊಂಡರೆ ಸ್ಲೈಡರ್‌ಗಳ ಜೊತೆಗೆ ಬೇಕಾದ ಬಣ್ಣ, ಮುಖದ ಮೇಲಿನ ಚಿತ್ತಾರ, ಪ್ರಿಸೆಟ್ ಉಳಿಸುವ ಸೌಲಭ್ಯ, ಎಲ್ಲಕ್ಕಿಂತ ಮಿಗಿಲಾಗಿ ಸ್ಕಲ್ಪ್ಟ್ ಸಿಗುತ್ತದೆ. ಉಬ್ಬಿಸುವ, ತಗ್ಗಿಸುವ, ಸರಿಸುವ, ನಯಗೊಳಿಸುವ ಬ್ರಷ್‌ಗಳಿವೆ. ಒಂದು ಭಾಗ ಅಲುಗಾಡದಂತೆ ಮುಚ್ಚಿಡುವ ಮಾಸ್ಕ್ ಕೂಡ ಇದೆ. ನನ್ನ ಮೊದಲ ಕೆಲಸ ಯಾವಾಗಲೂ ಕುತ್ತಿಗೆಯ ಅಂಚಿಗೆ ಮಾಸ್ಕ್ ಬಳಿಯುವುದು. ಆ ಅಂಚಿನ ಒಂದು ಚುಕ್ಕೆ ಜರುಗಿದರೂ ತಲೆ ಮತ್ತು ದೇಹದ ನಡುವೆ ಬಿರುಕು ಕಾಣುತ್ತದೆ.

ಮೂಗು ಇಲ್ಲಿ ಹತ್ತೇ ನಿಮಿಷದ ಕೆಲಸವಾಯಿತು. ಎಡ ಬಲ ಒಟ್ಟಿಗೆ ತಿದ್ದುವುದನ್ನು ನಿಲ್ಲಿಸಿ, ಮೂಗಿನ ಸೇತುವನ್ನು ಒಂದೇ ಒಂದು ಸಲ ಎಡಕ್ಕೆ ಜರುಗಿಸಿದೆ, ಅಷ್ಟೇ. ಆ ಕ್ಷಣದಲ್ಲಿ ಅವಳು ಗೊಂಬೆಯಿಂದ ಹೆಂಗಸಾದಳು. ಅದೇ ಹುಮ್ಮಸ್ಸಿನಲ್ಲಿ ಕಣ್ಣಿನ ಹೊರತುದಿಯನ್ನೂ ಕೆಳಕ್ಕೆ ಎಳೆದೆ. ನಿಂತ ಚಿತ್ರದಲ್ಲಿ ಬಹಳ ಸೊಗಸಾಗಿತ್ತು. ಇನ್ನಿನಲ್ಲಿ ಬೆಂಕಿಯ ಪಕ್ಕ ನಿಲ್ಲಿಸಿ ನೋಡುತ್ತಿದ್ದಾಗ ಅವಳು ರೆಪ್ಪೆ ಬಡಿದಳು. ಹೊರತುದಿಯಲ್ಲಿ ಅಕ್ಕಿಯ ಮೊನೆಯಷ್ಟು ಬಿಳಿ ಹಾಗೇ ಉಳಿಯಿತು. ಮತ್ತೆ ಬಡಿದಳು, ಮತ್ತೆ ಅದೇ. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಲಿಲ್ಲ.

ಕಾರಣ ಸರಳ. ರೆಪ್ಪೆ ಮುಚ್ಚುವಾಗ ಮೆಶ್‌ನ ಯಾವ ಚುಕ್ಕೆ ಎಷ್ಟು ಸರಿಯಬೇಕು ಎಂಬುದು ಮುಖದ ಚಲನೆಗಳಿರುವ ಟ್ರೈ ಫೈಲಿನಲ್ಲಿ ಮೊದಲೇ ಬರೆದಿದೆ. ನಾನು ಚುಕ್ಕೆಯನ್ನು ದೂರಕ್ಕೆ ಒಯ್ದಿದ್ದೇನೆ, ಅದು ಮಾತ್ರ ಹಳೆಯ ದೂರವನ್ನಷ್ಟೇ ಕ್ರಮಿಸಿ ನಿಲ್ಲುತ್ತದೆ. ತುಟಿಗೂ ಇದೇ ಲೆಕ್ಕ: ಹೆಚ್ಚು ಒಳಕ್ಕೆ ಒತ್ತಿದರೆ ಮಾತಿನ ನಡುವೆ ಹಲ್ಲು ಚರ್ಮವನ್ನು ತೂರಿ ಹೊರಬರುತ್ತದೆ, ಏಕೆಂದರೆ ಹಲ್ಲು ಬೇರೆಯೇ ಮೆಶ್. ಕೊನೆಗೆ ಕಣ್ಣಿನ ಆಕಾರವನ್ನು ಸ್ಲೈಡರ್‌ಗೇ ಬಿಟ್ಟು, ರೆಪ್ಪೆಯ ಅಂಚನ್ನು ಮುಟ್ಟದೆ ಅದರ ಮೇಲಿನ ಮಡಿಕೆಯನ್ನು ಮಾತ್ರ ಬ್ರಷ್‌ನಿಂದ ಇಳಿಸಿದೆ. ನೋಟ ಹೆಚ್ಚುಕಡಿಮೆ ಅದೇ ಬಂತು, ಬಿಳಿ ಹೋಯಿತು.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಮಗ್ಗುಲಿನಿಂದ ನೋಡಿದರೆ ಕೆನ್ನೆಮೂಳೆ ಎದ್ದು ಕಾಣುತ್ತಿತ್ತು, ಎದುರಿನಿಂದ ನೋಡಿದರೆ ಏನೂ ಮಾಡಿಯೇ ಇಲ್ಲವೇನೋ ಎಂಬಂತಿತ್ತು. ಬ್ರಷ್‌ನ ತಪ್ಪು ಎಂದುಕೊಂಡು ಇನ್ನಷ್ಟು ಉಬ್ಬಿಸಿದೆ, ಮುಖ ಬಾತುಕೊಂಡಂತಾಯಿತು. ಅಸಲು ವಿಷಯವೆಂದರೆ ಸ್ಕೈರಿಮ್‌ನ ತಲೆಗಳು ಮಾಡೆಲ್ ಸ್ಪೇಸ್ ನಾರ್ಮಲ್ ಮ್ಯಾಪ್ ಬಳಸುತ್ತವೆ, ಫೈಲಿನ ಹೆಸರು ಎಂಎಸ್‌ಎನ್ ಎಂದು ಮುಗಿಯುವುದು ಅದಕ್ಕೇ. ಮುಖದ ಯಾವ ಜಾಗ ಯಾವ ಕಡೆಗೆ ತಿರುಗಿದೆ ಎಂಬುದನ್ನು ಆಟ ಆ ಚಿತ್ರದಿಂದಲೇ ಓದಿಕೊಳ್ಳುತ್ತದೆ. ಮೆಶ್ ತಿದ್ದಿದರೆ ಹೊರಗೆರೆ ಬದಲಾಗುತ್ತದೆ, ನೆರಳು ಹಳೆಯ ಮುಖದ್ದೇ ಉಳಿಯುತ್ತದೆ. ಇದನ್ನು ತಿಳಿಯದೆ ಎಷ್ಟು ಮುಖಗಳನ್ನು ಉಬ್ಬಿಸಿ ಕೆಡಿಸಿದ್ದೆನೋ ಎಂದು ಈಗ ಬೇಸರವಾಗುತ್ತದೆ.

ಬ್ಲೆಂಡರ್ ಗೆಲ್ಲುವುದು ಇಲ್ಲಿಯೇ, ನನ್ನ ಅನುಭವದಲ್ಲಿ ಇಲ್ಲಿ ಮಾತ್ರ. ರೇಸ್‌ಮೆನುವಿನಿಂದ ತಲೆಯನ್ನು ಎಕ್ಸ್‌ಪೋರ್ಟ್ ಮಾಡಿ ಆಟದ ಮೆಶ್ ಫೈಲುಗಳನ್ನು ಬ್ಲೆಂಡರ್‌ಗೆ ತರುವ ಪೈನಿಫ್ಲಿ ಆಡ್ಆನ್ ಮೂಲಕ ತೆರೆದೆ. ಬ್ರಷ್‌ಗಳ ನಯ ಬೇರೆಯೇ ಮಟ್ಟದ್ದು, ಬೆಳಕನ್ನು ಬೇಕಾದ ಕಡೆ ಇಟ್ಟುಕೊಂಡು ಕೆಲಸ ಮಾಡಬಹುದು. ಆದರೆ ಕಟ್ಟುಪಾಡು ಬಿಗಿ. ಚುಕ್ಕೆಗಳ ಸಂಖ್ಯೆಯಾಗಲಿ ಕ್ರಮವಾಗಲಿ ಬದಲಾಗಕೂಡದು, ಬದಲಾದರೆ ಟ್ರೈ ಫೈಲಿನ ಲೆಕ್ಕವೆಲ್ಲ ತಪ್ಪಿ, ಬಾಯಿ ತೆರೆದಾಗ ಮುಖ ಚಿಂದಿಯಾಗುತ್ತದೆ. ಅಂದರೆ ಕೆತ್ತುವಾಗ ಚುಕ್ಕೆಗಳನ್ನು ತಾನಾಗಿಯೇ ಸೇರಿಸುವ ಡೈನ್‌ಟೋಪೋದ ಕಡೆ ತಿರುಗಿಯೂ ನೋಡುವಂತಿಲ್ಲ. ಹುಬ್ಬು, ಕಣ್ಣು ಬೇರೆ ಮೆಶ್‌ಗಳಾದ್ದರಿಂದ ಹಣೆಯನ್ನು ಮುಂದೆ ತಂದರೆ ಹುಬ್ಬು ಚರ್ಮದೊಳಗೆ ಮುಳುಗುತ್ತದೆ, ಅದನ್ನೂ ಕೈಯಾರೆ ತರಬೇಕು. ಮೂರು ಸಂಜೆ ಕೂತು ಮಾಡಿದ ಮುಖ, ಆಕಾರದ ಮಟ್ಟಿಗೆ, ರೇಸ್‌ಮೆನುವಿನಲ್ಲಿ ಒಂದು ಸಂಜೆಯಲ್ಲಿ ಮಾಡಿದ್ದಕ್ಕಿಂತ ಹೆಚ್ಚೇನೂ ಚೆನ್ನಾಗಿರಲಿಲ್ಲ. ಆದರೆ ಹೊಸ ನಾರ್ಮಲ್ ಮ್ಯಾಪ್ ಬೇಕ್ ಮಾಡಿ, ಅಂದರೆ ತಿದ್ದಿದ ಆಕಾರದಿಂದ ಲೆಕ್ಕಹಾಕಿ ಚಿತ್ರವಾಗಿಸಿ ಹಾಕಿದಾಗ, ಬೆಂಕಿಯ ಬೆಳಕು ಮೊದಲ ಬಾರಿಗೆ ಆ ಸೊಟ್ಟ ಮೂಗಿನ ಒಂದು ಪಕ್ಕದಲ್ಲಿ ನಿಂತು, ಇನ್ನೊಂದು ಪಕ್ಕಕ್ಕೆ ನೆರಳು ಬಿತ್ತು. ನಾನು ಹುಡುಕುತ್ತಿದ್ದ ಕಳೆ ಅದು.

ಫಾಲೋವರ್ ಮಾಡುವವರಿಗೆ ಒಂದು ಎಚ್ಚರಿಕೆ. ಕ್ರಿಯೇಷನ್ ಕಿಟ್‌ನಲ್ಲಿ ಕಂಟ್ರೋಲ್ ಎಫ್4 ಒತ್ತಿದರೆ ಮುಖದ ಫೈಲ್ ಹೊಸದಾಗಿ ತಯಾರಾಗುತ್ತದೆ. ಮುಖ ಬೂದಿ ಬಣ್ಣಕ್ಕೆ ತಿರುಗುವ ಡಾರ್ಕ್ ಫೇಸ್ ತೊಂದರೆಗೆ ಸಾಮಾನ್ಯವಾಗಿ ಹೇಳುವ ಪರಿಹಾರವೂ ಅದೇ. ಆದರೆ ಕಿಟ್‌ಗೆ ಗೊತ್ತಿರುವುದು ಸ್ಲೈಡರ್‌ಗಳ ಲೆಕ್ಕ ಮಾತ್ರ, ನಿಮ್ಮ ಸ್ಕಲ್ಪ್ಟ್ ಅಲ್ಲ. ಅವಳ ಬಿಲ್ಲು ಬದಲಿಸಲೆಂದು ಕಿಟ್‌ನಲ್ಲಿ ಅವಳನ್ನು ತೆರೆದವನು ಅಭ್ಯಾಸಬಲದಿಂದ ಕಂಟ್ರೋಲ್ ಎಫ್4 ಒತ್ತಿ ಮುಚ್ಚಿದೆ. ಮರಳಿ ಆಟಕ್ಕೆ ಹೋದರೆ ನೆಟ್ಟಗಿನ ಮೂಗಿನ ಯಾರೋ ಅಪರಿಚಿತೆ ನಿಂತಿದ್ದಳು. ಮುಖದ ಮೆಶ್ ಇರುವ, ಫೇಸ್‌ಜಿಯೋಮ್ ಫೋಲ್ಡರ್‌ನ ನಿಫ್ ಫೈಲಿಗೆ ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳಿ.

ಈಗ ನನ್ನ ಆಟದಲ್ಲಿ ಉಳಿದಿರುವವಳು ಎರಡನೆಯವಳು. ಕಣ್ಣು, ತುಟಿ ಸ್ಲೈಡರ್‌ನವು. ಮೂಗು, ಕೆನ್ನೆ, ದವಡೆ ರೇಸ್‌ಮೆನುವಿನ ಬ್ರಷ್‌ನವು. ಆ ತಲೆಯನ್ನು ಬ್ಲೆಂಡರ್‌ಗೆ ಒಯ್ದದ್ದು ಬೇಕ್ ಮಾಡುವುದಕ್ಕಷ್ಟೇ, ಅಲ್ಲಿ ಆಕಾರವನ್ನು ಮುಟ್ಟಲಿಲ್ಲ. ಮೂಗು, ಕೆನ್ನೆಗಳ ಸುತ್ತ ಮಾತ್ರ ಹೊಸ ನಾರ್ಮಲ್ ಮ್ಯಾಪ್ ಉಳಿಸಿ, ಚರ್ಮದ ಸಣ್ಣ ರಂಧ್ರಗಳು ಹಾಳಾಗದಂತೆ ಬೇರೆಲ್ಲ ಕಡೆ ಹಳೆಯದನ್ನೇ ಬೆರೆಸಿದೆ. ಅದನ್ನು ಅವಳೊಬ್ಬಳ ಟೆಕ್ಸ್ಚರ್ ಸೆಟ್‌ನಲ್ಲಿ ಇಟ್ಟಿದ್ದೇನೆ, ಇಲ್ಲದಿದ್ದರೆ ಊರಿನ ಹೆಂಗಸರ ಮೂಗಿನ ಮೇಲೆಲ್ಲ ಅವಳ ನೆರಳೇ ಬೀಳುತ್ತಿತ್ತು.