ಟೈ-ಡೈ ಕಿಟ್: ಸೋಡಾ ಪೊಟ್ಟಣ ಬೇರೆ ಇದ್ದರೆ ಮಾತ್ರ ಕೊಳ್ಳಿ

ಅಮೆರಿಕದ ಕರಕುಶಲ ಅಂಗಡಿಗಳಲ್ಲಿ ಸಿಗುವ ಮೂರು ಬಾಟಲಿಯ ಟೈ-ಡೈ (ಬಟ್ಟೆಗೆ ಗಂಟು ಕಟ್ಟಿ ಬಣ್ಣ ಹಾಕುವ) ಕಿಟ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಬಣ್ಣದ ಪುಡಿಗೇ ಸೋಡಾ ಆಶ್, ಅಂದರೆ ಬಟ್ಟೆ ಒಗೆಯುವ ಸೋಡಾದಂಥ ಕ್ಷಾರ, ಬೆರೆಸಿರುತ್ತಾರೆ. ನೀರು ತುಂಬಿ ಕುಲುಕಿದರೆ ಆಯಿತು. ಇನ್ನೊಂದರಲ್ಲಿ ಸೋಡಾ ಬೇರೆ ಪೊಟ್ಟಣದಲ್ಲಿರುತ್ತದೆ. ದುಡ್ಡು ಹಾಕುವುದಾದರೆ ಎರಡನೆಯದಕ್ಕೇ ಹಾಕಿ.

ಒಳಗಿರುವುದು ಫೈಬರ್ ರಿಯಾಕ್ಟಿವ್ ಬಣ್ಣ, 1956ರಲ್ಲಿ ಬ್ರಿಟನ್ನಿನ ರಾಸಾಯನಿಕ ಕಂಪನಿ ಐಸಿಐ ಮಾರುಕಟ್ಟೆಗೆ ಬಿಟ್ಟ ಪ್ರೋಸಿಯಾನ್ ಎಂಬ ಬಣ್ಣದ ವಂಶ. ಕ್ಷಾರ ತಗುಲಿದ ಕೂಡಲೇ ಅದು ಹತ್ತಿಯ ನೂಲನ್ನು ಹಿಡಿಯಲು ಹೊರಡುತ್ತದೆ. ಬಾಟಲಿಯಲ್ಲಿ ನೂಲೆಲ್ಲಿದೆ? ನೀರನ್ನೇ ಹಿಡಿದು ಕಸುವು ಕಳೆದುಕೊಳ್ಳುತ್ತದೆ. ಹಾಗಾಗಿ ಮೊದಲ ಜಾತಿಯ ಕಿಟ್ಟನ್ನು ಮುಕ್ಕಾಲು ಗಂಟೆಯೊಳಗೆ ಮುಗಿಸಬೇಕು. ಮಕ್ಕಳು ಹತ್ತು ಜನ ಇದ್ದರೆ ಕೊನೆಯವರ ಅಂಗಿಗೆ ಮಾಸಲು ಗುಲಾಬಿಯೇ ಗತಿ.

ಡಬ್ಬದ ಮೇಲಿನ ಹಿಪ್ಪಿ ಚಿತ್ರ ಬರೀ ಅಲಂಕಾರ. 1969ರ ವುಡ್‌ಸ್ಟಾಕ್ ಸಂಗೀತ ಮೇಳದ ಕಾಲದ ಹುಡುಗ ಹುಡುಗಿಯರು ಕೋಟು-ಟೈಯ ಶಿಸ್ತೂ ಬೇಡ, ಒಂದೇ ಅಚ್ಚಿನ ಬಟ್ಟೆಯೂ ಬೇಡ ಎಂದು ಹಳೇ ಬನಿಯನ್‌ಗೆ ಗಂಟು ಹಾಕುತ್ತಿದ್ದರು. ಬಹಳ ಮಂದಿಯ ಕೈಗೆ ಸಿಗುತ್ತಿದ್ದುದು ರಿಟ್‌ನಂಥ ಬಿಸಿನೀರಿನ ಬಣ್ಣ. ಅದು ಒಗೆದಷ್ಟೂ ಮಾಸುತ್ತದೆ. ಈ ಕಿಟ್‌ನದು ಮಾಸುವುದು ಕಡಿಮೆ. (ಗಂಟು ಕಟ್ಟುವ ವಿದ್ಯೆ ಗುಜರಾತ್, ರಾಜಸ್ಥಾನದ ಬಾಂಧನಿಯವರಿಗೆ ಅದಕ್ಕಿಂತ ಎಷ್ಟೋ ಹಳೆಯದು.)

ಲೀಟರ್ ನೀರಿಗೆ ಸುಮಾರು 60 ಗ್ರಾಂ ಸೋಡಾ ಆಶ್ ಕರಗಿಸಿ, ಒಗೆದ ಅಂಗಿಯನ್ನು 15-20 ನಿಮಿಷ ನೆನೆಸಿ, ಹಿಂಡಿ. ಕೈಗವಸು ಬಿಡಬೇಡಿ. ಅಡಿಗೆ ಸೋಡಾ ಇಲ್ಲಿ ಕೆಲಸಕ್ಕೆ ಬಾರದು, ಅದರ ಕ್ಷಾರ ಸಾಲದು. ಅಂಗಿಯನ್ನು ನಡುವೆ ಚಿವುಟಿ ಹಿಡಿದು ಚಕ್ಕುಲಿಯ ಹಾಗೆ ಸುತ್ತಿ. ನಿರಿಗೆ ಎರಡಂಗುಲಕ್ಕಿಂತ ಎತ್ತರವಾದರೆ ಬಣ್ಣ ಒಳಗೆ ಇಳಿಯದೆ ಬಿಳಿ ತೇಪೆ ಉಳಿಯುತ್ತದೆ. ಮೂರು ರಬ್ಬರ್ ಬ್ಯಾಂಡ್ ಅಡ್ಡಡ್ಡ ಹಾಕಿದರೆ ಆರು ಪಾಲು. ಬಾಟಲಿಯ ಮೂತಿಯನ್ನು ನಿರಿಗೆಯ ಸಂದಿಗೆ ತೂರಿಸಿಯೇ ಒತ್ತಿ, ಮಗುಚಿ ಹಿಂಬದಿಗೂ ಹಾಕಿ. ಹಳದಿ, ಫ್ಯೂಷಿಯಾ (ಕಡು ಗುಲಾಬಿ), ಟರ್ಕಾಯ್ಸ್ (ಹಸಿರು ಛಾಯೆಯ ನೀಲಿ) ಅಕ್ಕಪಕ್ಕ ಇದ್ದರೆ ಚೆಂದ. ಕೆಂಪಿನ ಮಗ್ಗುಲಿಗೆ ಹಸಿರು ಬಂತೋ, ಕೆಸರು.

ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ 24 ಗಂಟೆ ಇಡಿ, 21 ಡಿಗ್ರಿಗಿಂತ ಬೆಚ್ಚಗಿರಲಿ. ಚಳಿಗಾಲದ ಗ್ಯಾರೇಜಿನಲ್ಲಿಟ್ಟರೆ ಮೊದಲು ಕೈಕೊಡುವುದು ಟರ್ಕಾಯ್ಸ್, ಅದು ಸ್ವಭಾವತಃ ನಿಧಾನಿ. ಆಮೇಲೆ ತಣ್ಣೀರಲ್ಲಿ ಜಾಲಾಡಿ, ಬ್ಯಾಂಡ್ ಬಿಚ್ಚಿ, ಬಿಸಿನೀರಲ್ಲಿ ಒಗೆಯಿರಿ. ಶುರುವಿಗೇ ಬಿಸಿನೀರು ಹಾಕಿದರೆ ಬಿಳಿ ಭಾಗಕ್ಕೂ ಬಣ್ಣ ಹತ್ತುತ್ತದೆ.

ಕಿಟ್‌ನ ಕೈಗವಸು ಬೇಗ ಹರಿಯುತ್ತದೆ, ಒಂದು ಜೊತೆ ಬೇರೆ ಇಟ್ಟುಕೊಳ್ಳಿ. ಅಂಗಿ ಪೂರಾ ಹತ್ತಿಯದಾಗಿರಲಿ. ಅರ್ಧ ಪಾಲಿಯೆಸ್ಟರ್ ಆದರೆ ಬಣ್ಣವೂ ಅರ್ಧವೇ. ಹೊಲಿಗೆಯ ದಾರ ಮಾತ್ರ ಸಾಮಾನ್ಯವಾಗಿ ಪಾಲಿಯೆಸ್ಟರ್, ಬೆಳ್ಳಗೇ ಉಳಿದರೆ ಕಿಟ್ಟನ್ನು ಬೈಯಬೇಡಿ.